ಕತ್ತಿಯ ಉಕ್ಕು, ಮಿಷಿನಿನ ಮ್ಯಾಗ್ನೀಸಿಯಂ

(ಆಯುಧಗಳನ್ನು ಪೂಜಿಸುವ ಕೊಡವರ ಹಬ್ಬ ಕೈಲ್ ಪೊಳ್ದ್ ಮುಗಿದ ಮರುವಾರ ಕೊಡಗಿನ ಗೋಣಿಕೊಪ್ಪಲಿನಲ್ಲಿ ಬೆಳೆಗಾರರು, ಮಿಷಿನ್ ರಿಪೇರಿ ಮಾಡುವವರು, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ವಸ್ತು ಇಟ್ಟಿದ್ದೇನೆ. ಒಂದು ನಮ್ಮ ಮನೆಯ ಕತ್ತಿ. ಅಜ್ಜನ ಕಾಲದ್ದು. ಹಿಡಿ ಎರಡು ಸಲ ಬದಲಾಗಿದೆ, ಅಲಗು ಮಾತ್ರ ಅದೇ. ಇನ್ನೊಂದು, ಮರಕಪಾತಿಗೆ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರಲು, ಬಳಸುವ ಚೈನ್‌ಸಾ ಮಿಷಿನಿನ ಒಡೆದ ಕ್ರ್ಯಾಂಕ್‌ಕೇಸ್, ಅಂದರೆ ಇಂಜಿನಿನ ಹೊರಗೂಡು. ಮೊನ್ನೆ ಹಬ್ಬದ ದಿನ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಈ ಹಬ್ಬದಲ್ಲಿ ಆಯುಧಕ್ಕೆ ಇಡುವ ತೋಕ್‌ಪೂವು ಎಂಬ ಹೂವು ಇಟ್ಟಿದ್ದೆವು. ಆಗಲೇ ಈ ಮಾತು ಮನಸ್ಸಿನಲ್ಲಿ ಮೂಡಿದ್ದು. ಕತ್ತಿ ಉಕ್ಕಿನದು, ಅದು ಎಲ್ಲರಿಗೂ ಗೊತ್ತು. ಈ ಕೇಸ್ ಯಾವುದರದ್ದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಅಲ್ಯೂಮಿನಿಯಂ ಅನ್ನುತ್ತಾರೆ. ಅಲ್ಲ, ಇದು ಮ್ಯಾಗ್ನೀಸಿಯಂ ಮಿಶ್ರಲೋಹ. ದಿನವಿಡೀ ಕೈಯಲ್ಲಿ ಹಿಡಿದು ಕೆಲಸ ಮಾಡುವ ಒಳ್ಳೆಯ ದರ್ಜೆಯ ಮಿಷಿನುಗಳಲ್ಲಿ ಹೊರಗಿನ ಗೂಡು ಸಾಮಾನ್ಯವಾಗಿ ಇದರದ್ದೇ.

ಎರಡನ್ನೂ ಕೈಯಿಂದ ಕೈಗೆ ದಾಟಿಸಿ. ತೂಕ ಕೈಗೆ ಗೊತ್ತಾಗಲಿ, ಆಮೇಲೆ ಅಂಕಿ ಹೇಳುತ್ತೇನೆ.

ಒಂದು ಲೀಟರಿನ ಬಾಟಲಿ ತುಂಬ ನೀರು ಅಂದರೆ ಒಂದು ಕೆ.ಜಿ. ಅಷ್ಟೇ ಗಾತ್ರದ ಮ್ಯಾಗ್ನೀಸಿಯಂ 1.74 ಕೆ.ಜಿ., ಅಲ್ಯೂಮಿನಿಯಂ 2.7 ಕೆ.ಜಿ., ಉಕ್ಕು 7.85 ಕೆ.ಜಿ. ಶುದ್ಧ ಮ್ಯಾಗ್ನೀಸಿಯಂ ಬಹಳ ಮೆದು, ಅದನ್ನು ಹಾಗೇ ಯಾರೂ ಮಿಷಿನಿಗೆ ಬಳಸುವುದಿಲ್ಲ. ಅಲ್ಯೂಮಿನಿಯಂ, ಸತು ಬೆರೆಸುತ್ತಾರೆ. ಅತಿ ಹೆಚ್ಚು ಬಳಕೆಯಲ್ಲಿರುವ ಮಿಶ್ರಣದ ಹೆಸರು ಎಝಡ್ 91. ಎ ಅಂದರೆ ಅಲ್ಯೂಮಿನಿಯಂ, ಝಡ್ ಅಂದರೆ ಝಿಂಕ್, ಅಂದರೆ ಸತು. ಸುಮಾರು ಒಂಬತ್ತು ಪಾಲು ಅದು, ಒಂದು ಪಾಲು ಇದು, ಉಳಿದ ತೊಂಬತ್ತು ಮ್ಯಾಗ್ನೀಸಿಯಂ. ಇದರ ಲೀಟರ್ ತೂಕ 1.8 ಕೆ.ಜಿ. ಉಕ್ಕಿನ ಕಾಲುಭಾಗಕ್ಕಿಂತಲೂ ಕಡಿಮೆ.

ಇಲ್ಲಿಗೆ ಬಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ: "ಹಗುರ ಸರಿ, ಗಟ್ಟಿ ಇದೆಯಾ?" ಈ "ಗಟ್ಟಿ" ಎಂಬ ಒಂದೇ ಮಾತಿನೊಳಗೆ ನಾವು ನಾಲ್ಕು ಬೇರೆ ಬೇರೆ ಗುಣಗಳನ್ನು ತುಂಬಿಬಿಟ್ಟಿದ್ದೇವೆ. ಅದನ್ನು ಬಿಡಿಸದೆ ಯಾವ ಲೋಹದ ಬಗ್ಗೆಯೂ ಸರಿಯಾಗಿ ಮಾತಾಡಲಾಗದು. ಹಾಗಾಗಿ ಇವತ್ತಿನ ಸಮಯದ ದೊಡ್ಡ ಪಾಲು ಇದಕ್ಕೇ ಕೊಡುತ್ತೇನೆ.

ಕತ್ತಿಯ ಅಲಗನ್ನು ಕಲ್ಲಿಗೆ ಉಜ್ಜಿದರೆ ಬೇಗ ಸವೆಯುವುದಿಲ್ಲವಲ್ಲ, ಅದು ಗಡಸುತನ. ಅಲಗನ್ನು ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಎಷ್ಟು ಒತ್ತಿದರೆ ಎಷ್ಟು ಬಗ್ಗುತ್ತದೆ ಎಂಬುದು ಬಿಗಿತ. ಇನ್ನೂ ಒತ್ತುತ್ತಾ ಹೋದರೆ ಒಂದು ಹಂತದಲ್ಲಿ ಸೊಟ್ಟಗಾಗಿ ಹಾಗೇ ಉಳಿಯುತ್ತದೆ. ಆ ಹಂತದವರೆಗೆ ತಡೆದುಕೊಳ್ಳುವುದು ಬಲ. ಕಲ್ಲಿಗೆ ಬಡಿದಾಗ ಬಿರುಕು ಬಿಡದೆ ಏಟು ತಿನ್ನುವುದು ತಾಳಿಕೆ. ಗಾಜಿಗೆ ಗಡಸುತನ ಬೇಕಾದಷ್ಟಿದೆ, ತಾಳಿಕೆ ಇಲ್ಲ. ಸೀಸಕ್ಕೆ ಏಟು ತಿನ್ನುವ ಗುಣ ಇದೆ, ಬಲ ಇಲ್ಲ.

ಈಗ ಬಿಗಿತ ನೋಡಿ. ಅದನ್ನು ಅಳೆಯುವ ಅಂಕಿ ಉಕ್ಕಿಗೆ ಸುಮಾರು 200ರಿಂದ 210 ಗಿಗಾಪಾಸ್ಕಲ್. ಅಲ್ಯೂಮಿನಿಯಂಗೆ 70. ಮ್ಯಾಗ್ನೀಸಿಯಂಗೆ 45. ಅಂದರೆ ಉಕ್ಕಿನದೊಂದು, ಮ್ಯಾಗ್ನೀಸಿಯಂನದೊಂದು, ಒಂದೇ ಅಳತೆಯ ಎರಡು ಸರಳುಗಳನ್ನು ಒಂದೇ ಭಾರದಿಂದ ಜಗ್ಗಿದರೆ ಮ್ಯಾಗ್ನೀಸಿಯಂ ಸರಳು ನಾಲ್ಕೂವರೆ ಪಟ್ಟು ಹೆಚ್ಚು ಉದ್ದವಾಗುತ್ತದೆ. ಸೋಲು ಅನ್ನಿಸುತ್ತದೆ. ಆದರೆ ತೂಕದಿಂದ ಭಾಗಿಸಿ ನೋಡಿ: ಉಕ್ಕಿಗೆ 210ನ್ನು 7.85ರಿಂದ ಭಾಗಿಸಿದರೆ 27ರ ಹತ್ತಿರ, ಮ್ಯಾಗ್ನೀಸಿಯಂಗೆ 45ನ್ನು 1.74ರಿಂದ ಭಾಗಿಸಿದರೆ 26ರ ಹತ್ತಿರ, ಅಲ್ಯೂಮಿನಿಯಂಗೂ 26. ಮೂರೂ ಒಂದೇ! ಕಾಲೇಜಿನಲ್ಲಿ ಮೊದಲ ಸಲ ಈ ಲೆಕ್ಕ ಮಾಡಿದಾಗ ಎಲ್ಲೋ ತಪ್ಪಿದೆ ಎಂದು ಮೂರು ಸಲ ಮಾಡಿದ್ದೆ. ಎಳೆತ ಮಾತ್ರ ಇರುವ ಕೆಲಸದಲ್ಲಿ, ಕಟ್ಟುವ ಸರಳು, ಹಗ್ಗದ ಕೆಲಸ ಮಾಡುವ ರಾಡು ಇಂಥವುಗಳಲ್ಲಿ, ಉಕ್ಕು ತೆಗೆದು ಮ್ಯಾಗ್ನೀಸಿಯಂ ಹಾಕಿದರೆ ಬಿಗಿತದ ಲೆಕ್ಕದಲ್ಲಿ ಒಂದು ಗ್ರಾಮೂ ಉಳಿಯುವುದಿಲ್ಲ.

ಹಾಗಾದರೆ ಚೈನ್‌ಸಾ ಮಾಡುವವರು ಯಾಕೆ ಇದನ್ನು ಆರಿಸಿದರು? ಯಾಕೆಂದರೆ ಆ ಗೂಡಿಗೆ ಎಳೆತಕ್ಕಿಂತ ಬಾಗುವಿಕೆ ಮುಖ್ಯ. ಬಾಗುವ ಲೆಕ್ಕ ಬೇರೆಯೇ. ಒಂದು ಹಾಳೆ ಕಾಗದ ಹಿಡಿಯಿರಿ, ಜೋತು ಬೀಳುತ್ತದೆ. ಅದೇ ಕಾಗದದ ದಪ್ಪ ರಟ್ಟು ಹಿಡಿಯಿರಿ, ನೆಟ್ಟಗೆ ನಿಲ್ಲುತ್ತದೆ. ತಗಡಿನ ದಪ್ಪ ಎರಡು ಪಟ್ಟಾದರೆ ಬಾಗದೆ ನಿಲ್ಲುವ ಗುಣ ಎಂಟು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಇಪ್ಪತ್ತೇಳು ಪಟ್ಟು. ದಪ್ಪದ ಘನ. ಉಕ್ಕಿನ ತಗಡಿನಷ್ಟೇ ಬಾಗದಿರಬೇಕಾದರೆ ಮ್ಯಾಗ್ನೀಸಿಯಂ ತಗಡು 1.67 ಪಟ್ಟು ದಪ್ಪ ಇದ್ದರೆ ಸಾಕು. ಅಷ್ಟು ದಪ್ಪ ಮಾಡಿದ ಮೇಲೂ ಅದರ ತೂಕ ಉಕ್ಕಿನ ತೂಕದ ಶೇ. 40ಕ್ಕಿಂತ ಕಡಿಮೆ. ಮಾತನ್ನು ತಿರುಗಿಸಿಯೂ ಹೇಳಬಹುದು: ಒಂದೇ ತೂಕದ ಎರಡು ತಗಡು ಮಾಡಿದರೆ, ಮ್ಯಾಗ್ನೀಸಿಯಂನದು ಬಾಗುವುದಕ್ಕೆ ಸುಮಾರು 18 ಪಟ್ಟು ಹೆಚ್ಚು ಅಡ್ಡಿ ಮಾಡುತ್ತದೆ.

ಇಡೀ ವಿಷಯದ ಹೂರಣ ಇದೇ. ದಪ್ಪವಾಗಲು ಜಾಗ ಇದ್ದಲ್ಲಿ ಮ್ಯಾಗ್ನೀಸಿಯಂ ಗೆಲ್ಲುತ್ತದೆ. ಜಾಗ ಇಲ್ಲದ ಕಡೆ, ತೆಳ್ಳಗೇ ಇರಬೇಕಾದ ಕಡೆ, ಉಕ್ಕಿಗೆ ಎದುರಿಲ್ಲ. ಕತ್ತಿಯ ಅಲಗು ದಪ್ಪವಾದರೆ ಅದು ಕತ್ತಿಯೇ ಅಲ್ಲ. ಚೈನ್‌ಸಾದ ಒಳಗೇ ನೋಡಿ, ಪಾಠ ಅಲ್ಲೇ ಇದೆ: ಹೊರಗಿನ ಗೂಡು ಮ್ಯಾಗ್ನೀಸಿಯಂ, ಪಿಸ್ಟನ್, ಸಿಲಿಂಡರ್ ಅಲ್ಯೂಮಿನಿಯಂ, ಕ್ರ್ಯಾಂಕ್‌ಶಾಫ್ಟ್, ಚೈನು, ಚೈನು ಓಡುವ ಪಟ್ಟಿ, ಬಿಸಿ ಹೊಗೆ ಉಗುಳುವ ಸೈಲೆನ್ಸರ್ ಎಲ್ಲ ಉಕ್ಕು. ಅದನ್ನು ಮಾಡಿದವರು ಯಾವ ಲೋಹಕ್ಕೂ ಅದರಿಂದಾಗದ ಕೆಲಸ ಹೇಳಿಲ್ಲ.

ಬಲದ ಮಾತು ಚುಟುಕಾಗಿ ಹೇಳುತ್ತೇನೆ. ಅಚ್ಚಿಗೆ ಹೊಯ್ದ ಎಝಡ್ 91 ಸುಮಾರು 150 ಮೆಗಾಪಾಸ್ಕಲ್ ಒತ್ತಡಕ್ಕೆ ಸೊಟ್ಟಗಾಗಲು ಶುರುವಾಗುತ್ತದೆ, 230ರ ಆಸುಪಾಸಿನಲ್ಲಿ ಒಡೆಯುತ್ತದೆ. ಗೇಟು ಮಾಡಲು ತರುವ ಸಾಮಾನ್ಯ ಉಕ್ಕು 250ರವರೆಗೆ ತಡೆಯುತ್ತದೆ. ತೂಕಕ್ಕೆ ಹೋಲಿಸಿದರೆ ಇಲ್ಲಿ ಮ್ಯಾಗ್ನೀಸಿಯಂ ಚೆನ್ನಾಗಿಯೇ ಗೆಲ್ಲುತ್ತದೆ. ಆದರೆ ಉಕ್ಕು ಎಂಬುದು ಒಂದು ಲೋಹವಲ್ಲ, ಒಂದು ದೊಡ್ಡ ಒಕ್ಕ, ಅಂದರೆ ಮನೆತನ. ಅದೇ ಕಬ್ಬಿಣ, ಚೂರು ಇಂಗಾಲ, ಸರಿಯಾದ ಕಾವು, ಸರಿಯಾದ ನೀರು ಸಿಕ್ಕರೆ 1000 ದಾಟುತ್ತದೆ, ತೆಳುವಾಗಿ ಎಳೆದ ತಂತಿಯಾದರೆ 2000ವನ್ನೂ ದಾಟುತ್ತದೆ. ಆ ಮಟ್ಟಕ್ಕೆ ಹೋದ ಉಕ್ಕನ್ನು ತೂಕದ ಲೆಕ್ಕದಲ್ಲೂ ಮ್ಯಾಗ್ನೀಸಿಯಂ ಮುಟ್ಟಲಾರದು. ಅಜ್ಜನ ಕಾಲದ ಕಮ್ಮಾರ ಅಲಗನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಪೆಡಸು ತೆಗೆಯುತ್ತಿದ್ದ. ಬಣ್ಣ ನೋಡಿ ಕಾವು ಅಳೆಯುತ್ತಿದ್ದ. ಮ್ಯಾಗ್ನೀಸಿಯಂಗೂ ಕಾಯಿಸಿ ಬಲ ಹೆಚ್ಚಿಸುವ ಕ್ರಮಗಳಿವೆ, ಆದರೆ ಬೆಣ್ಣೆಯಂತೆ ತಿದ್ದಿ ಆಮೇಲೆ ಗಾಜು ಕೆರೆಯುವಷ್ಟು ಗಡಸು ಮಾಡುವ ಈ ವಿದ್ಯೆ ಅದಕ್ಕೆ ಒಲಿಯುವುದಿಲ್ಲ.

ಮ್ಯಾಗ್ನೀಸಿಯಂ ಒಡೆಯುವ ರೀತಿಯೂ ಬೇರೆ. ಈ ಕೇಸಿನ ಒಡೆದ ಅಂಚು ಮುಟ್ಟಿ ನೋಡಿ, ಬಿಸ್ಕತ್ತು ಮುರಿದ ಹಾಗಿದೆ. ಉಕ್ಕಾಗಿದ್ದರೆ ನಗ್ಗುತ್ತಿತ್ತು. ಕಾರಣ ಪರಮಾಣುಗಳ ಜೋಡಣೆಯಲ್ಲಿದೆ. ಲೋಹ ಬಾಗುವುದೆಂದರೆ ಅದರ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದು. ಉಕ್ಕಿನಲ್ಲಿ ಜಾರಲು ಹಲವು ದಿಕ್ಕುಗಳಿವೆ. ಮ್ಯಾಗ್ನೀಸಿಯಂನ ಜೋಡಣೆ ಆರು ಮೂಲೆಯ ಕಂಬಗಳ ಹಾಗೆ. ತಣ್ಣಗಿರುವಾಗ ಒಂದೇ ಮಟ್ಟದಲ್ಲಿ ಸಲೀಸಾಗಿ ಜಾರುತ್ತದೆ, ಅಡುಕಿಟ್ಟ ಹೆಂಚುಗಳ ಹಾಗೆ. ಬೇರೆ ದಿಕ್ಕಿನಿಂದ ಏಟು ಬಿದ್ದರೆ ಜಾರಲು ದಾರಿ ಕಾಣದೆ ಸೀಳುತ್ತದೆ. 225 ಡಿಗ್ರಿ ದಾಟಿಸಿದರೆ ಹೊಸ ದಾರಿಗಳು ತೆರೆದುಕೊಳ್ಳುತ್ತವೆ, ಹಾಗಾಗಿ ಇದರ ತಗಡನ್ನು ಬಿಸಿ ಮಾಡಿಯೇ ಬಗ್ಗಿಸುತ್ತಾರೆ. ರಿಪೇರಿಯವರಿಗೆ ಒಂದು ಮಾತು: ಸೊಟ್ಟಗಾದ ಕೇಸಿನ ಕಿವಿಯನ್ನು ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಲು ಹೋಗಬೇಡಿ, ಉದುರಿ ಹೋಗುತ್ತದೆ.

ಈಗ ತುಕ್ಕು. ನಮ್ಮ ಮಳೆಯಲ್ಲಿ ಇದನ್ನು ಬಿಟ್ಟು ಮಾತಾಡುವ ಹಾಗಿಲ್ಲ.

ಇಲ್ಲಿ ಕೂತಿರುವ ಬೆಳೆಗಾರರೆಲ್ಲ ಒಂದು ರಸಾಯನ ಪ್ರಯೋಗವನ್ನು ವರ್ಷವರ್ಷವೂ ಮಾಡುತ್ತೀರಿ. ಕೊಳೆರೋಗ ಬರದಂತೆ ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಯುತ್ತೀರಿ. ಒಂದು ಕೆ.ಜಿ. ಮೈಲುತುತ್ತು (ಅಂದರೆ ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಬೆರೆಸಿದ ಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದ್ದಿ ತೆಗೆಯುತ್ತೀರಿ. ಅಲಗಿನ ಮೇಲೆ ಕೆಂಪು ಬಂದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ ಅನ್ನುತ್ತಾರೆ ಹಿರಿಯರು. ಆ ಕೆಂಪು ಏನು? ಅಪ್ಪಟ ತಾಮ್ರ. ದ್ರಾವಣದಲ್ಲಿ ಸುಣ್ಣಕ್ಕೆ ಸಿಗದೆ ಉಳಿದ ತಾಮ್ರ ಅಲಗಿಗೆ ಬಂದು ಕೂರುತ್ತದೆ, ಬದಲಿಗೆ ಅಲಗಿನ ಕಬ್ಬಿಣ ಕರಗಿ ನೀರಿಗಿಳಿಯುತ್ತದೆ. ಕಬ್ಬಿಣ ತನ್ನ ಇಲೆಕ್ಟ್ರಾನುಗಳನ್ನು ತಾಮ್ರಕ್ಕೆ ಬಿಟ್ಟುಕೊಡುತ್ತದೆ.

ಯಾವ ಲೋಹ ಯಾರಿಗೆ ಬಿಟ್ಟುಕೊಡುತ್ತದೆ ಎಂಬುದಕ್ಕೆ ಒಂದು ಸಾಲು ಇದೆ, ವೋಲ್ಟುಗಳಲ್ಲಿ ಅಳೆಯುತ್ತಾರೆ. ತಾಮ್ರ ಸೊನ್ನೆಗಿಂತ ಮೇಲೆ 0.34. ಕಬ್ಬಿಣ ಸೊನ್ನೆಗಿಂತ ಕೆಳಗೆ 0.44. ಮ್ಯಾಗ್ನೀಸಿಯಂ ಕೆಳಗೆ, ಬಹಳ ಕೆಳಗೆ, 2.37. ತಾಮ್ರದೆದುರು ಕಬ್ಬಿಣ ಹೇಗೋ ಹಾಗೆ ಕಬ್ಬಿಣದೆದುರು ಮ್ಯಾಗ್ನೀಸಿಯಂ, ಅಷ್ಟೇ ಅಲ್ಲ, ಅದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿದ ಅಂತರ. ಎರಡು ಲೋಹ ತಾಗಿಕೊಂಡಿದ್ದು ನಡುವೆ ಉಪ್ಪಿನಂಶದ ತೇವ ಇದ್ದರೆ ಮ್ಯಾಗ್ನೀಸಿಯಂ ತಾನು ಕರಗಿ ಉಕ್ಕನ್ನು ಕಾಪಾಡುತ್ತದೆ. ನೆಲದಡಿ ಹೂತ ಉಕ್ಕಿನ ಪೈಪುಗಳಿಗೆ ಮ್ಯಾಗ್ನೀಸಿಯಂ ತುಂಡು ಕಟ್ಟಿ ಬಿಡುವುದು ಇದೇ ಕಾರಣಕ್ಕೆ. ಪೈಪಿಗೆ ಅದು ವರ. ಚೈನ್‌ಸಾದ ಗೂಡಿಗೆ ಉಕ್ಕಿನ ಸ್ಕ್ರೂ ಹಾಕಿದಾಗ ಅದೇ ಶಾಪ. ಸ್ಕ್ರೂ ಬುಡದಲ್ಲಿ ಬಿಳಿ ಪುಡಿ ಕಂಡಿದ್ದೀರಲ್ಲ, ಅದು ಧೂಳಲ್ಲ, ನಿಮ್ಮ ಮಿಷಿನಿನ ಗೂಡು ಕರಗುತ್ತಿರುವ ಗುರುತು. ಬಿಎಂಡಬ್ಲ್ಯು ಕಂಪನಿ 2004ರಲ್ಲಿ ಮ್ಯಾಗ್ನೀಸಿಯಂ, ಅಲ್ಯೂಮಿನಿಯಂ ಎರಡನ್ನೂ ಸೇರಿಸಿ ಕಾರಿನ ಇಂಜಿನ್ ಬ್ಲಾಕ್ ಮಾಡಿದಾಗ ಬೋಲ್ಟುಗಳನ್ನೂ ಅಲ್ಯೂಮಿನಿಯಂನಲ್ಲೇ ಮಾಡಿತು. ಅಂತರ ಕಡಿಮೆಯಾದಷ್ಟೂ ತಿನ್ನುವುದು ಕಡಿಮೆ.

ಇಲ್ಲಿ ಉಪ್ಪು ಎಲ್ಲಿಂದ ಬರಬೇಕು, ನಮ್ಮದು ಸಮುದ್ರವಲ್ಲವಲ್ಲ ಎಂದು ಕೇಳಬಹುದು. ಮಳೆನೀರಷ್ಟೇ ಆಗಿದ್ದರೆ ಮ್ಯಾಗ್ನೀಸಿಯಂ ತನ್ನ ಮೇಲೊಂದು ಪೊರೆ ಕಟ್ಟಿಕೊಂಡು ನಿಧಾನವಾಗಿ ಮಾಸುತ್ತದೆ. ಬಯಲಿನಲ್ಲಿ ಬಿಟ್ಟ ಬರಿ ಉಕ್ಕು ಅದಕ್ಕಿಂತ ಬೇಗ ಕೆಡುವುದೂ ಉಂಟು. ಆ ಪೊರೆಯನ್ನು ತೂತು ಮಾಡುವುದು ಕ್ಲೋರೈಡ್. ನಾವು ತೋಟಕ್ಕೆ ಹಾಕುವ ಕೆಂಪು ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಗೊಬ್ಬರದ ಮೂಟೆ ಇಟ್ಟ ಶೆಡ್ಡಿನಲ್ಲೇ, ಮೂಟೆಯ ಮೇಲೆಯೇ, ಕಳೆ ಕೊಚ್ಚುವ ಮಿಷಿನನ್ನು ಮಳೆಗಾಲ ಪೂರ್ತಿ ಮಲಗಿಸಿಡುವ ಮನೆಗಳು ನನಗೆ ಗೊತ್ತು. ನಮ್ಮ ಮನೆಯಲ್ಲೂ ಹಾಗೇ ಇತ್ತು. ಈ ಕೇಸ್ ಒಡೆದದ್ದು ಬಿದ್ದ ಏಟಿಗಾದರೂ, ಒಡೆದ ಜಾಗ ನೋಡಿದರೆ ಸ್ಕ್ರೂ ಸುತ್ತ ಮೊದಲೇ ತಿಂದು ತೆಳ್ಳಗಾಗಿತ್ತು. ಮಿಷಿನನ್ನು ಒರೆಸಿ, ಒಣಗಿಸಿ, ಗೊಬ್ಬರದಿಂದ ದೂರ, ಬೇರೆ ಕೋಣೆಯಲ್ಲಿ ನೇತುಹಾಕಿ. ಬಣ್ಣ ಕೆತ್ತಿಹೋದಲ್ಲಿ ಬಣ್ಣ ಹಚ್ಚಿ.

ಇನ್ನೂ ಒಂದು ಸೂಕ್ಷ್ಮ ಇದೆ. ಕಬ್ಬಿಣ ಹೊರಗಿನಿಂದ ತಾಗಿದರೆ ಮಾತ್ರವಲ್ಲ, ಮಿಶ್ರಲೋಹದ ಒಳಗೇ ಚೂರು ಸೇರಿದ್ದರೂ ಅದೇ ಕಥೆ. ಹಳೆಯ ಕಾಲದ ಮ್ಯಾಗ್ನೀಸಿಯಂ ಬೇಗ ಕೊಳೆಯುತ್ತದೆ ಎಂಬ ಕೆಟ್ಟ ಹೆಸರು ಪಡೆದದ್ದು ಇದರಿಂದ. ಕಬ್ಬಿಣ, ನಿಕ್ಕಲ್, ತಾಮ್ರ ಈ ಮೂರು ಒಂದು ಮಿತಿಯೊಳಗಿದ್ದರೆ ತಿನ್ನುವ ವೇಗ ಥಟ್ಟನೆ ಇಳಿಯುತ್ತದೆ ಎಂದು 1940ರ ದಶಕದಲ್ಲಿ ಅಮೆರಿಕದಲ್ಲಿ ಕಂಡುಕೊಂಡರು. ಈಗಿನ ಶುದ್ಧ ದರ್ಜೆಯ ಎಝಡ್ 91ರಲ್ಲಿ ಕಬ್ಬಿಣ ಶೇ. 0.005 ಮೀರುವಂತಿಲ್ಲ. ಒಂದು ಟನ್ನಿನಲ್ಲಿ 50 ಗ್ರಾಂ.

ಮುಂದಿನದು ಬೆಂಕಿ. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ.

ಗಟ್ಟಿಯಾದ ಮ್ಯಾಗ್ನೀಸಿಯಂ ತುಂಡಿಗೆ ಬೆಂಕಿಕಡ್ಡಿ ಹಿಡಿದರೆ ಏನೂ ಆಗದು. ಇಡೀ ತುಂಡು 650 ಡಿಗ್ರಿಗೆ, ಅಂದರೆ ಕರಗುವ ಹಂತದ ಹತ್ತಿರಕ್ಕೆ ಬಂದರೇನೇ ಅಪಾಯ. ಆದರೆ ಲೇಥಿನ ಸಣ್ಣ ಸುರುಳಿ, ಗ್ರೈಂಡರಿನ ಧೂಳು ಬೇರೆಯೇ ಜೀವ. ಕಿಡಿ ತಾಗಿದರೆ ಹತ್ತಿಕೊಂಡು ಕಣ್ಣು ಕುಕ್ಕುವ ಬಿಳಿ ಬೆಳಕಿನಿಂದ ಉರಿಯುತ್ತದೆ, ಶಾಖ 3000 ಡಿಗ್ರಿ ಮುಟ್ಟುತ್ತದೆ. ನೀರು ಹಾಕಿದರೆ ಉರಿಯುವ ಲೋಹ ನೀರಿನಿಂದ ಆಮ್ಲಜನಕ ಕಿತ್ತುಕೊಂಡು ಜಲಜನಕವನ್ನು ಬಿಡುಗಡೆ ಮಾಡುತ್ತದೆ, ಅದು ಸ್ಫೋಟಿಸುತ್ತದೆ. ಇಂಗಾಲದ ಡೈಆಕ್ಸೈಡಿನ ಸಿಲಿಂಡರ್ ಹಿಡಿದರೆ ಅದರಿಂದಲೂ ಆಮ್ಲಜನಕ ಎಳೆದು ಉರಿಯುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ, ಸುರುಳಿ ತುಂಬಿದ ಡ್ರಮ್ಮಿಗೆ ಬೆಂಕಿ ಬಿತ್ತು. ಗಾಬರಿಯಲ್ಲಿ ಒಬ್ಬ ಹುಡುಗ ಬಕೆಟ್ ನೀರು ಎತ್ತಿ ಸುರಿದ. ಆ ಸದ್ದು ಈಗಲೂ ಕಿವಿಯಲ್ಲಿದೆ. ಅವನ ಎರಡೂ ಮುಂಗೈ ಸುಟ್ಟವು. ನೀರು ಹಾಕಬಾರದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ನನಗೆ ಗೊತ್ತಿದ್ದೂ. ಈ ವಿಷಯ ಎಲ್ಲಿ ಮಾತಾಡಲು ಕರೆದರೂ ನಾನು ಹೋಗುವುದು ಅದಕ್ಕಾಗಿ.

1955ರ ಜೂನ್ 11ರಂದು ಫ್ರಾನ್ಸಿನ ಲಮಾನ್ ಕಾರ್ ರೇಸಿನಲ್ಲಿ ಒಂದು ಮರ್ಸಿಡಿಸ್ ಕಾರು ಹಾರಿ ಪ್ರೇಕ್ಷಕರ ಕಡೆಗೆ ಬಿತ್ತು, ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಅದರ ಮೈ ಮ್ಯಾಗ್ನೀಸಿಯಂ ಮಿಶ್ರಲೋಹದ್ದು. ಆರಿಸಲು ಬಂದವರು ನೀರು ಹಾಕಿದರು, ಉರಿ ಇನ್ನಷ್ಟು ಹೆಚ್ಚಿತು. ಲೋಹದ ಬೆಂಕಿಗೆಂದೇ ಮಾಡಿದ ಡಿ ದರ್ಜೆಯ ಪುಡಿ ಬೇಕು. ಅದಿಲ್ಲದಿದ್ದರೆ, ಬೆಂಕಿ ಇನ್ನೂ ಸಣ್ಣದಿದ್ದಾಗ, ಪೂರ್ತಿ ಒಣಗಿದ ಮರಳು ಮುಚ್ಚಿ ದೂರ ಸರಿಯಬೇಕು. ನಮ್ಮ ಜುಲೈ ತಿಂಗಳ ಮರಳು ಒಣಗಿದೆ ಎಂದು ನಂಬಬೇಡಿ. ಡಬ್ಬಿಯಲ್ಲಿ ಮುಚ್ಚಿಡಿ.

ರಿಪೇರಿಯವರು ಲೋಹ ಯಾವುದೆಂದು ತಿಳಿಯುವುದು ಸುಲಭ. ಒಂದು ಕಡೆ ಬಣ್ಣ ಕೆರೆದು, ಹೊಳೆಯುವ ಜಾಗಕ್ಕೆ ಒಂದು ಹನಿ ವಿನೆಗರ್ ಬಿಡಿ. ಮ್ಯಾಗ್ನೀಸಿಯಂ ಆದರೆ ಗುಳ್ಳೆ ಏಳುತ್ತದೆ, ಅಲ್ಯೂಮಿನಿಯಂ ಸುಮ್ಮನಿರುತ್ತದೆ. ಮನೆಯಲ್ಲಿ ಅಡುಗೆಗೆ ಬಳಸುವ ನಮ್ಮ ಕೊಡಗಿನ ಹುಳಿ ಕಾಚಂಪುಳಿ ಹಾಕಿ ನೋಡಿದೆ, ಅದರಲ್ಲೂ ಗುಳ್ಳೆ ಬಂತು. ನೋಡಿದ ಮೇಲೆ ಒರೆಸಿಬಿಡಿ. ತಿಳಿಯದೆ ಅಲ್ಯೂಮಿನಿಯಂ ಕಡ್ಡಿಯಿಂದ ವೆಲ್ಡ್ ಮಾಡಿದರೆ ಆ ಬೆಸುಗೆ ಪೆಡಸಾಗಿ ಬಿಡುತ್ತದೆ, ನಾಲ್ಕು ದಿನದಲ್ಲಿ ಬಿರಿಯುತ್ತದೆ.

ಈ ಲೋಹ ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳದೆ ಹೋದರೆ ನನಗೇ ಸಮಾಧಾನವಿಲ್ಲ. ಮಣ್ಣಿನ ಹುಳಿ ತೆಗೆಯಲು ತೋಟಕ್ಕೆ ಡೋಲೋಮೈಟ್ ಎರಚುತ್ತೀರಲ್ಲ, ಆ ಕಲ್ಲಿನಿಂದಲೇ. ಡೋಲೋಮೈಟನ್ನು ಸುಟ್ಟು, ಸಿಲಿಕಾನ್ ಬೆರೆತ ಕಬ್ಬಿಣದ ಪುಡಿ ಸೇರಿಸಿ, ಗಾಳಿ ತೆಗೆದ ಕೊಳವೆಯಲ್ಲಿ ಸುಮಾರು 1200 ಡಿಗ್ರಿಗೆ ಕಾಯಿಸಿದರೆ ಮ್ಯಾಗ್ನೀಸಿಯಂ ಆವಿಯಾಗಿ ಮೇಲೆದ್ದು ತಣ್ಣಗಿನ ತುದಿಯಲ್ಲಿ ಹರಳುಗಟ್ಟುತ್ತದೆ. 1940ರ ದಶಕದಲ್ಲಿ ಕೆನಡಾದ ಪಿಜನ್ ಎಂಬ ವಿಜ್ಞಾನಿ ರೂಪಿಸಿದ ವಿಧಾನ. ಇವತ್ತು ಜಗತ್ತಿನ ಮ್ಯಾಗ್ನೀಸಿಯಂನ ಬಹುಪಾಲು ಮಾಡುವ ಚೀನಾ ಇದನ್ನೇ ಬಳಸುತ್ತದೆ. ತೋಟದಲ್ಲಿ ಅದೇ ಕಲ್ಲಿನ ಮ್ಯಾಗ್ನೀಸಿಯಂ ಕಾಫಿ ಎಲೆಯ ಹಸಿರಿನ ನಟ್ಟನಡುವೆ ಹೋಗಿ ಕೂರುತ್ತದೆ. ಹಳೆ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವೆ ಹಳದಿ ಬಂದರೆ ಅದರ ಕೊರತೆ ಎಂದು ನೀವೇ ಹೇಳುತ್ತೀರಿ.

ಉಕ್ಕಿಗೂ ಇದಕ್ಕೂ ಒಂದು ವಿಚಿತ್ರ ನಂಟಿದೆ. ಎರಡೂ ಒಂದರಲ್ಲೊಂದು ಬೆರೆಯುವುದೇ ಇಲ್ಲ. ಕರಗಿದ ಮ್ಯಾಗ್ನೀಸಿಯಂ ಕಬ್ಬಿಣವನ್ನು ಹೆಚ್ಚುಕಮ್ಮಿ ಕರಗಿಸಿಕೊಳ್ಳದ ಕಾರಣ ಅದನ್ನು ಉಕ್ಕಿನ ಪಾತ್ರೆಯಲ್ಲೇ ಕಾಯಿಸುತ್ತಾರೆ. ಕಬ್ಬಿಣ ಕರಗುವುದು 1538 ಡಿಗ್ರಿಗೆ, ಮ್ಯಾಗ್ನೀಸಿಯಂ 1090ಕ್ಕೇ ಕುದಿದು ಆವಿಯಾಗುತ್ತದೆ. ಕರಗಿದ ಕಬ್ಬಿಣಕ್ಕೆ ಹಾಕಿದರೆ ಭುಸುಗುಟ್ಟಿ ಹಾರುತ್ತದೆ. ಹಾರುವಾಗ ಗಂಧಕವನ್ನು ಹಿಡಿದುಕೊಂಡು ಹೋಗುತ್ತದೆ. ಬೀಡು ಕಬ್ಬಿಣದಲ್ಲಿ ಬರೀ ಶೇ. 0.04ರಷ್ಟು ಉಳಿದರೂ, ಅದರೊಳಗೆ ಚಕ್ಕೆಚಕ್ಕೆಯಾಗಿರುವ ಗ್ರಾಫೈಟ್ ಉಂಡೆಗಟ್ಟಿ, ಏಟಿಗೆ ಒಡೆಯುತ್ತಿದ್ದ ಬೀಡು ಬಾಗುವ ಲೋಹವಾಗುತ್ತದೆ. ಉಕ್ಕಿನ ಕುಲುಮೆಯ ಒಳಮೈಗೆ ಹಚ್ಚುವ ಇಟ್ಟಿಗೆಯೂ ಮ್ಯಾಗ್ನೀಸಿಯಂ ಆಕ್ಸೈಡಿನದೇ, ಅದು 2800 ಡಿಗ್ರಿವರೆಗೂ ಕರಗುವುದಿಲ್ಲ.

ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಪೊನ್ನಂಪೇಟೆ ಕಡೆಯ ಹಿರಿಯ ಬೆಳೆಗಾರರೊಬ್ಬರು ಕೇಳಿದರು: "ಮೆಣಸು ಕುಯ್ಯುವ ಏಣಿಯನ್ನು ಇದರಲ್ಲಿ ಮಾಡಿದರೆ ಹೆಂಗಸರಿಗೆ ಹೊರಲು ಸಲೀಸಲ್ಲವಾ?" ಹಗುರವಾಗುವುದು ನಿಜ, ಅಣ್ಣ. ಆದರೆ ಇದರಲ್ಲೂ ಕರೆಂಟ್ ಹರಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಅಲ್ಯೂಮಿನಿಯಂ ಏಣಿ ಮೇಲಿನ ತಂತಿಗೆ ತಾಗಿ ಕೆಲಸದವರು ಸತ್ತಿದ್ದಾರೆ. ತಂತಿ ಹಾದುಹೋಗುವ ತೋಟದೊಳಗೆ ಯಾವ ಲೋಹದ ಏಣಿಯೂ ಬೇಡ. ಫೈಬರ್ ಏಣಿ ತನ್ನಿ, ಅದನ್ನೂ ಒಣಗಿಸಿ ಇಡಿ. ಹಸಿ ಬಿದಿರನ್ನೂ ತಂತಿಯ ಹತ್ತಿರ ನಂಬಬೇಡಿ.

ಇನ್ನೊಂದು ಪ್ರಶ್ನೆ, ರಿಪೇರಿ ಅಂಗಡಿಯ ಹುಡುಗನೊಬ್ಬನದು: "ಸರ್, ನಾವು ಕಬ್ಬಿಣ ಉಜ್ಜುವ ಗ್ರೈಂಡರಿನಲ್ಲೇ ಕೇಸನ್ನೂ ಉಜ್ಜುತ್ತೇವೆ. ಏನೂ ಆಗಿಲ್ಲ." ಕಬ್ಬಿಣದ ಕಿಡಿ, ಕಬ್ಬಿಣದ ತುಕ್ಕಿನ ಪುಡಿ, ಮ್ಯಾಗ್ನೀಸಿಯಂ ಧೂಳು ಮೂರೂ ಒಂದೇ ಜಾಗದಲ್ಲಿ ಸೇರಿದರೆ ಅಲ್ಲಿ ಸಿಡಿಮದ್ದು ತಯಾರಾದ ಹಾಗೆ. ಕೇಸನ್ನು ಗ್ರೈಂಡರಿಗೆ ಹಿಡಿಯಲೇಬೇಡಿ. ಒರಟು ಹಲ್ಲಿನ ಅರದಿಂದ ಕೈಯಲ್ಲೇ ಉಜ್ಜಿ. ಮೆತ್ತಗಿನ ಲೋಹ, ಬೇಗ ಆಗುತ್ತದೆ. ಪುಡಿಯನ್ನು ಆಗಾಗ ಗುಡಿಸಿ ಒಣ ತಗಡಿನ ಡಬ್ಬಿಗೆ ಹಾಕಿ, ಅಂಗಡಿಯ ಹೊರಗೆ ಮಳೆ ತಾಗದ ಕಡೆ ಇಡಿ. ಒದ್ದೆ ಪುಡಿ ಗಾಳಿಯಾಡದ ಡಬ್ಬಿಯೊಳಗೆ ಜಲಜನಕ ಬಿಡುತ್ತದೆ, ಹಾಗಾಗಿ ಮುಚ್ಚಳವನ್ನು ಬಿಗಿಯಬೇಡಿ.

ಸಭೆ ಮುಗಿದ ಮೇಲೆ ಆ ಹುಡುಗ ತನ್ನ ಅಂಗಡಿಗೆ ಕರೆದುಕೊಂಡು ಹೋದ. ಗ್ರೈಂಡರಿನ ಕೆಳಗೆ ಒಂದು ಬೆರಳು ದಪ್ಪ ಬೂದು ಪುಡಿ ಇತ್ತು, ಪಕ್ಕದಲ್ಲೇ ವೆಲ್ಡಿಂಗ್ ಸೆಟ್. ಕರೆಂಟ್ ಆಫ್ ಮಾಡಿ, ಇಬ್ಬರೂ ಕೂತು ಮೆತ್ತಗಿನ ಬ್ರಷ್ಷಿನಲ್ಲಿ ಅದನ್ನೆಲ್ಲ ಗುಡಿಸಿ ತೆಗೆದೆವು.